ಗಡಿಯಾಚೆ ಸಿಕ್ಕ ಮದ್ದು

ಮಾಜಾಳಿ ಎಂದರೆ ಪತ್ರಿಕೆ ಓದುವವರಿಗೆ ಮೊದಲು ನೆನಪಾಗುವುದು ಚೆಕ್‌ಪೋಸ್ಟ್. ತಿಳಮಾತಿಯ ಕರಿ ಮರಳು ಆಮೇಲೆ. ಕಾರವಾರದಿಂದ ಕಾಳಿ ಸೇತುವೆ ದಾಟಿ, ಸದಾಶಿವಗಡ ಹಾದು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉತ್ತರಕ್ಕೆ ಹೋದರೆ ಕರ್ನಾಟಕ ಮುಗಿಯುವುದು ಇಲ್ಲೇ. ಆಚೆ ಗೋವಾದ ಕಾಣಕೋಣ ತಾಲ್ಲೂಕಿನ ಪೋಳೆಂ. ಅಲ್ಲಿ ತೆರಿಗೆ ಕಡಿಮೆ, ಹಾಗಾಗಿ ಮದ್ಯ ಅಗ್ಗ. ಅದನ್ನು ಕದ್ದು ತರುವುದು, ಅಬಕಾರಿಯವರು ಹಿಡಿಯುವುದು, ಮರುದಿನ 'ಗೋವಾ ಮದ್ಯ ವಶ' ಎಂದು ಪತ್ರಿಕೆಯಲ್ಲಿ ಬರುವುದು ಈ ಕಡೆಯವರಿಗೆ ಹಳೇ ಸುದ್ದಿ. ಅದೇ ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕುಡಿತಕ್ಕೊಂದು ಮದ್ದೂ ಸಿಕ್ಕಿತು. ಅದನ್ನು ತಡೆಯಲು ಯಾವ ಚೆಕ್‌ಪೋಸ್ಟೂ ಇಲ್ಲ. ಆದರೂ ಬಾಟಲಿ ದಾಟಿದಷ್ಟು ಸಲೀಸಾಗಿ ಅದರ ಸುದ್ದಿ ಈಚೆಗೆ ದಾಟಿದಂತೆ ಕಾಣುವುದಿಲ್ಲ.

ಕುಡಿತದ ವಿರುದ್ಧ ಜಗಳಕ್ಕೆ ನಿಲ್ಲುವುದು ಉತ್ತರ ಕನ್ನಡಕ್ಕೆ ಹೊಸದಲ್ಲ. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡ, 2017ರಲ್ಲಿ ಪದ್ಮಶ್ರೀ ಪಡೆದ ಹಾಲಕ್ಕಿ ಹಾಡುಗಾರ್ತಿ, ಸ್ವಂತ ಮನೆಯಲ್ಲೇ ಕುಡಿತದ ಸಾವು ಕಂಡವರು. ಆ ಮೇಲೆ ಊರ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿಯ ವಿರುದ್ಧ ನಿಂತರು. 2007ರ ಜುಲೈ 1ರಿಂದ ರಾಜ್ಯದಲ್ಲೇ ಸಾರಾಯಿ ನಿಷೇಧವಾಯಿತು. ಅಂಗಡಿಯ ಬಾಗಿಲು ಹಾಕಿಸುವುದು ಸಣ್ಣ ಕೆಲಸವಲ್ಲ. ಆದರೆ ಸಾರಾಯಿ ಪ್ಯಾಕೆಟ್ ಸಿಗದವನು ಬಾಟಲಿಗೆ ಹೋದ. ಅವನನ್ನು ಕೂರಿಸಿಕೊಂಡು ಮಾತಾಡಿಸುವವರು ಯಾರು, ಏನೆಂದು ಮಾತಾಡಿಸಬೇಕು? ಇದಕ್ಕೆ ಉತ್ತರ ಸಿಕ್ಕ ದಾರಿ ಬಹಳ ಸುತ್ತಿನದು.

ಮೊದಲ ಸುಳಿವು ಸಿಕ್ಕಿದ್ದು ಲಂಡನ್ನಿನಲ್ಲಿ. ಗ್ರಿಫಿತ್ ಎಡ್ವರ್ಡ್ಸ್, ಜಿಮ್ ಆರ್ಫೋರ್ಡ್ ಮತ್ತು ಸಂಗಡಿಗರು ಕುಡಿತಕ್ಕೆ ಬಿದ್ದ ನೂರು ಮಂದಿ ವಿವಾಹಿತ ಗಂಡಸರನ್ನು ಎರಡು ಪಾಲು ಮಾಡಿದರು. ಒಂದು ಪಾಲಿಗೆ ಆ ಕಾಲದ ಪೂರ್ತಿ ಚಿಕಿತ್ಸೆ: ಮನೋವೈದ್ಯರು, ಔಷಧಿ, ಬೇಕಾದರೆ ಆಸ್ಪತ್ರೆ ವಾಸ. ಇನ್ನೊಂದು ಪಾಲಿನವರನ್ನು ಹೆಂಡತಿಯ ಜೊತೆ ಒಮ್ಮೆ ಕೂರಿಸಿ ಬುದ್ಧಿಮಾತು ಹೇಳಿ ಕಳಿಸಿದರು, ಅಷ್ಟೇ. ವರ್ಷ ಕಳೆದ ಮೇಲೆ ನೋಡಿದರೆ ಎರಡೂ ಪಾಲಿನವರ ಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ! 1977ರಲ್ಲಿ ಇದು ಪ್ರಕಟವಾದಾಗ ಡಿಅಡಿಕ್ಷನ್ ಕೇಂದ್ರ ನಡೆಸುವವರಿಗೆ ಇರುಸುಮುರುಸಾದದ್ದು ಸಹಜ.

ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ವಿಲಿಯಂ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞನಿಗೂ ಇಂಥದೇ ಪೆಟ್ಟು. ಕುಡಿತ ತಗ್ಗಿಸುವ ತರಬೇತಿಯನ್ನು ಕೆಲವರಿಗೆ ಚಿಕಿತ್ಸಕರಿಂದ ಕೊಡಿಸಿದ. ಉಳಿದವರಿಗೆ ಕೈಗೊಂದು ಪುಸ್ತಿಕೆ ಕೊಟ್ಟು ಮನೆಗೆ ಕಳಿಸಿದ. ಪುಸ್ತಿಕೆಯವರೂ ಅಷ್ಟೇ ಚೆನ್ನಾಗಿ ಸುಧಾರಿಸಿದರು. ಚಿಕಿತ್ಸಕರು ಕೆಲಸಕ್ಕೆ ಬಾರದವರೇ ಹಾಗಾದರೆ? ಲೆಕ್ಕ ಬಿಡಿಸಿ ನೋಡಿದಾಗ ಬೇರೆಯೇ ಕತೆ. ಎದುರಿನವನ ಮಾತನ್ನು ಮನಸ್ಸಿಟ್ಟು ಕೇಳಿಸಿಕೊಂಡವರ ಕೈಗೆ ಸಿಕ್ಕವರು ಕುಡಿತವನ್ನು ಹೆಚ್ಚು ತಗ್ಗಿಸಿದ್ದರು. ಕೇಳಿಸಿಕೊಳ್ಳುವ ವ್ಯವಧಾನವಿಲ್ಲದವರ ಕೈಗೆ ಸಿಕ್ಕವರ ಗತಿ ಪುಸ್ತಿಕೆಯವರಿಗಿಂತಲೂ ಕಡೆ.

1982ರಲ್ಲಿ ಮಿಲ್ಲರ್ ನಾರ್ವೆಯ ಬರ್ಗನ್ ಬಳಿಯ ಒಂದು ಚಿಕಿತ್ಸಾಲಯಕ್ಕೆ ಹೋಗಿದ್ದ. ಅಲ್ಲಿನ ಎಳೆಯ ಮನಶ್ಶಾಸ್ತ್ರಜ್ಞರು ತಮ್ಮ ಹಟಮಾರಿ ರೋಗಿಗಳ ಪಾತ್ರ ಕಟ್ಟಿ ಅವನೆದುರು ಕೂರುತ್ತಿದ್ದರು. ನಡುನಡುವೆ ತಡೆದು, 'ಈಗ ಈ ಮಾತನ್ನೇ ಯಾಕೆ ಆಡಿದಿರಿ, ಬೇರೆ ಯಾಕಲ್ಲ?' ಎಂದು ಪೀಡಿಸುತ್ತಿದ್ದರು. ಉತ್ತರ ಕೊಡುತ್ತ ಕೊಡುತ್ತ ತಾನು ಏನು ಮಾಡುತ್ತಿದ್ದೇನೆ ಎಂಬುದು ಅವನಿಗೇ ಗೊತ್ತಾಯಿತು. 'ಬಿಡು' ಎಂದು ಒತ್ತಿದಷ್ಟೂ ಕುಡುಕ ಬಾಟಲಿಯ ಪರ ವಕೀಲಿಕೆ ಮಾಡುತ್ತಾನೆ. ಬಿಡಬೇಕಾದ ಕಾರಣ ಅವನ ಬಾಯಿಂದಲೇ ಬರುವ ಹಾಗೆ ಮಾತು ನಡೆಸಿದರೆ ಆ ಮಾತಿಗೆ ಅವನೇ ಕಟ್ಟುಬೀಳುತ್ತಾನೆ. ನಮ್ಮ ಮನೆಗಳಲ್ಲಿ ನಡೆಯುವುದು ಸರಿಯಾಗಿ ಇದರ ತಿರುವುಮುರುವು, ಅನ್ನಿ.

ಇಷ್ಟರಲ್ಲಿ, ಯಾರ ಕುಡಿತ ಅಪಾಯದ್ದು ಎಂದು ಗುರುತಿಸಲು, ವಿಶ್ವ ಆರೋಗ್ಯ ಸಂಸ್ಥೆ ಕೀನ್ಯಾ, ಮೆಕ್ಸಿಕೋ, ನಾರ್ವೆ ಸೇರಿ ಆರು ದೇಶಗಳಲ್ಲಿ ಪರೀಕ್ಷಿಸಿ ಹತ್ತು ಪ್ರಶ್ನೆಗಳ 'ಆಡಿಟ್' ಎಂಬ ಪಟ್ಟಿ ಮಾಡಿತು. ಎಷ್ಟು ಸಲ ಕುಡಿಯುತ್ತೀರಿ, ಬೆಳಿಗ್ಗೆ ಎದ್ದ ಕೂಡಲೇ ಬೇಕೆನಿಸುತ್ತದೆಯೇ, ರಾತ್ರಿ ನಡೆದದ್ದು ಮರೆತುಹೋಗುತ್ತದೆಯೇ, ಮನೆಯವರು ಕಡಿಮೆ ಮಾಡು ಎಂದಿದ್ದಾರೆಯೇ, ಹೀಗೆ. ಒಟ್ಟು ಅಂಕ 40. ಎಂಟಕ್ಕೆ ಮುಟ್ಟಿದರೆ ಎಚ್ಚರ. ಇಪ್ಪತ್ತಕ್ಕೆ ಮುಟ್ಟಿದರೆ ಚಟ ಅಂಟಿರುವ ಸಂಭವ ಹೆಚ್ಚು.

ಇನ್ನು ಉಳಿದದ್ದು ಆಳಿನ ಪ್ರಶ್ನೆ. ಮನೋವೈದ್ಯರು ಹಳ್ಳಿಗೆ ಸಾಲುವುದಿಲ್ಲ. ಇದಕ್ಕೆ ಕರ್ನಾಟಕವೂ ಬಹಳ ಹಿಂದೆಯೇ ದಾರಿ ತೋರಿಸಿತ್ತು ಎಂಬುದನ್ನು ನಾವು ಹೇಳಿಕೊಳ್ಳುವುದು ಕಡಿಮೆ. ಬೆಂಗಳೂರಿನ ನಿಮ್ಹಾನ್ಸ್ 1970ರ ದಶಕದಲ್ಲಿ ಸಕಲವಾರದಲ್ಲಿ, ಆಮೇಲೆ 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮಾನಸಿಕ ಕಾಯಿಲೆ ನೋಡಿಸಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಅದೇ ವರ್ಷ ಗೋವಾದಲ್ಲಿ ವಿಕ್ರಂ ಪಟೇಲ್ ಮತ್ತು ಸ್ನೇಹಿತರು 'ಸಂಗಾತ್' ಸಂಸ್ಥೆ ಕಟ್ಟಿದರು.

ಸಂಗಾತ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ವೈದ್ಯಕೀಯ ಓದಿಲ್ಲದ ಊರ ಜನರನ್ನೇ ಆರಿಸಿ, ತರಬೇತಿ ಕೊಟ್ಟು ಸಮಾಲೋಚಕರನ್ನಾಗಿ ಮಾಡಿತು. ಅಭಿಜಿತ್ ನಾಡಕರ್ಣಿ ಮುಂತಾದವರು ರೂಪಿಸಿದ ಈ ಚಿಕಿತ್ಸೆಗೆ ಹೆಚ್ಚೆಂದರೆ ನಾಲ್ಕು ಭೇಟಿ. ಆರೋಗ್ಯ ಕೇಂದ್ರಕ್ಕೆ ಬರಲಾಗದವನ ಮನೆಗೆ ಇವರೇ ಹೋಗುತ್ತಿದ್ದರು. ಮೊದಲ ಭೇಟಿಯಲ್ಲಿ ಅವನ ಆಡಿಟ್ ಅಂಕವನ್ನು ಅವನ ಮುಂದಿಟ್ಟು, ಕುಡಿತ ಅವನ ದೇಹಕ್ಕೆ, ದುಡ್ಡಿಗೆ, ಮನೆಗೆ ಏನು ಮಾಡಿದೆ ಎಂದು ಅವನ ಜೊತೆಯೇ ಲೆಕ್ಕ ಹಾಕುವುದು. ಆಮೇಲೆ ಉಪಾಯಗಳ ಮಾತು: ಗೆಳೆಯ 'ಒಂದೇ ಪೆಗ್ ಮಾರಾಯಾ' ಎಂದಾಗ ಏನು ಹೇಳಿ ಜಾರಿಕೊಳ್ಳುವುದು, ಸಂಜೆ ಬಯಕೆ ಎದ್ದಾಗ ಆ ಹೊತ್ತನ್ನು ಹೇಗೆ ಕಳೆಯುವುದು, ಬೇಸರ ಸಿಟ್ಟುಗಳನ್ನು ಕುಡಿಯದೆ ಹೇಗೆ ದಾಟುವುದು. ಕೊನೆಗೆ, ಮತ್ತೆ ಜಾರಿದರೆ ಎದ್ದು ನಿಲ್ಲುವ ಬಗೆ. ಪೂರ್ತಿ ಬಿಡುತ್ತೇನೆಂದು ಆಣೆ ಹಾಕಿಸುವುದಿಲ್ಲ. ಕಡಿಮೆ ಮಾಡುವುದೂ ಗುರಿಯೇ.

2013ರ ಅಕ್ಟೋಬರ್‌ನಿಂದ 2015ರ ಜುಲೈವರೆಗೆ ಗೋವಾದ ಹತ್ತು ಆರೋಗ್ಯ ಕೇಂದ್ರಗಳಲ್ಲಿ 12ರಿಂದ 19 ಅಂಕ ಬಂದ ಗಂಡಸರನ್ನು ಸೇರಿಸಿಕೊಂಡು ಪರೀಕ್ಷೆ ಮಾಡಿದರು. ಮೂರು ತಿಂಗಳ ಬಳಿಕ, ಸಮಾಲೋಚನೆ ಸಿಕ್ಕವರಲ್ಲಿ ಶೇ 36ರಷ್ಟು ಮಂದಿ ಅಪಾಯದ ಗೆರೆಯಿಂದ ಕೆಳಗಿಳಿದಿದ್ದರು; ಮಾಮೂಲಿ ಚಿಕಿತ್ಸೆಯವರಲ್ಲಿ ಶೇ 26. ವರ್ಷದ ಬಳಿಕ ಈ ಅಂತರ ಇನ್ನೂ ಹಿಗ್ಗಿತು: ಶೇ 54 ಮತ್ತು ಶೇ 32. ಮೂರು ತಿಂಗಳ ಫಲಿತಾಂಶ 'ಲ್ಯಾನ್ಸೆಟ್' ಪತ್ರಿಕೆಯ 2017ರ ಸಂಚಿಕೆಯಲ್ಲಿ ಬಂತು. ಅದರಲ್ಲೇ ಇನ್ನೊಂದು ಮಾತೂ ಇದೆ, ಅದನ್ನು ನುಂಗಿಕೊಂಡು ಬರೆಯುವುದು ಸರಿಯಲ್ಲ: ಕುಡಿಯುವುದನ್ನು ಮುಂದುವರಿಸಿದವರ ದಿನದ ಪ್ರಮಾಣ ಇಳಿಯಲಿಲ್ಲ, ಹೆಂಡತಿಯ ಮೇಲಿನ ಹಿಂಸೆಯೂ ತಗ್ಗಿದ್ದು ಕಾಣಲಿಲ್ಲ. ಅಂದಮೇಲೆ ಬಡಗೇರಿಯ ಹೆಂಗಸರ ಜಗಳಕ್ಕೆ ಬದಲಾಗಿ ಇದನ್ನು ನಿಲ್ಲಿಸುವ ಹಾಗಿಲ್ಲ. ಎರಡೂ ಬೇಕು.

ಒಂದು ಎಚ್ಚರಿಕೆ. ದಿನವೂ ಬೆಳಗಿನಿಂದಲೇ ಕುಡಿಯುವವರಿಗೆ ಈ ನಾಲ್ಕು ಭೇಟಿ ಸಾಲದು. ಅಂಥವರು ದೇವರ ಮೇಲೆ ಆಣೆಯಿಟ್ಟು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್, ಸನ್ನಿ ಬಂದು ಜೀವಕ್ಕೇ ಅಪಾಯವಾಗಬಹುದು. ವೈದ್ಯರ ಕಣ್ಗಾವಲಿನಲ್ಲೇ ಬಿಡಿಸಬೇಕು, ಬಿ1 ಜೀವಸತ್ವವನ್ನೂ ಕೊಡಿಸಬೇಕು. ಇನ್ನೂ ಬಿಡದವನು ಕೂಡ ಖಾಲಿ ಹೊಟ್ಟೆಯಲ್ಲಿ ಕುಡಿಯದಿದ್ದರೆ, ಪೋಳೆಂನಿಂದ ಬೈಕ್ ಓಡಿಸಿಕೊಂಡು ಬಾರದಿದ್ದರೆ, ಕುಡಿದು ದೋಣಿ ಹತ್ತದಿದ್ದರೆ ಅಷ್ಟು ಹಾನಿ ತಪ್ಪಿತು. ಮನೆಯಲ್ಲಿ ಇಂಥವರಿದ್ದರೆ, ಅಥವಾ ಅವರನ್ನು ನೋಡಿಕೊಂಡು ನಿಮ್ಮ ಮನಸ್ಸೇ ಕುಸಿದಿದ್ದರೆ, ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲಿರುಳು ಸಿಗುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.