ತಟ್ಟೆ ತುಂಬ ಚಾಕೊಲೇಟ್ ಕೇಕ್: ಇಪ್ಪತ್ತನಾಲ್ಕು ತುಂಡು, ಮನೆಮಂದಿಗೆಲ್ಲ



ಸಂಘದ ಪತ್ರಿಕೆಯಲ್ಲಿ ಅಡುಗೆಯ ಲೇಖನ ಬಂತೆಂದರೆ ನಿಮ್ಮಲ್ಲಿ ಹೆಚ್ಚಿನವರು "ಇದು ಅಮ್ಮನ ಪುಟ" ಎಂದು ಮುಂದಕ್ಕೆ ಹೋಗಿಬಿಡುತ್ತೀರಿ. ಈ ಸಲ ಸ್ವಲ್ಪ ನಿಲ್ಲಿ. ನಾನು ಹೇಳಹೊರಟಿರುವುದು ಹುಳಿ, ಗೊಜ್ಜು, ಕೋಸಂಬರಿಯ ವಿಷಯವಲ್ಲ. ನಿಮ್ಮ ಹುಟ್ಟುಹಬ್ಬಕ್ಕೆ ಅಂಗಡಿಯಿಂದ ಡಬ್ಬಿಯಲ್ಲಿ ಬರುವ ಆ ಚಾಕೊಲೇಟ್ ಕೇಕಿನ ವಿಷಯ. ಅದನ್ನು ಮನೆಯಲ್ಲೇ, ನೀವೇ, ಒಂದು ದೊಡ್ಡ ತಟ್ಟೆಯ ತುಂಬ ಮಾಡಬಹುದು. ಮೆತ್ತಗೆ, ಒದ್ದೆಯೊದ್ದೆಯಾಗಿ, ಮೇಲೆ ಚಾಕೊಲೇಟ್ ಹೊಯ್ದು. ಮಾಡುವ ನೆಪದಲ್ಲಿ ಇನ್ನೊಂದು ಕೆಲಸವೂ ಆಗುತ್ತದೆ. ಅದನ್ನು ಆಮೇಲೆ ಹೇಳುತ್ತೇನೆ.

ನಾನಿರುವ ಊರು ಚಾಂದವಡ್. ನಾಸಿಕದಿಂದ ಮುಂಬೈ-ಆಗ್ರಾ ಹೆದ್ದಾರಿಯಲ್ಲಿ ಸುಮಾರು 65 ಕಿಲೋಮೀಟರ್ ಬಂದರೆ ಬೆಟ್ಟಗಳ ಬುಡದಲ್ಲಿ ಸಿಗುತ್ತದೆ. ಅಹಲ್ಯಾಬಾಯಿ ಹೋಳ್ಕರರ ರಂಗಮಹಲು ಇಲ್ಲಿದೆ, ರೇಣುಕಾ ದೇವಿಯ ಗುಡಿ ಇದೆ. ನಮ್ಮ ಸವದತ್ತಿಯ ಎಲ್ಲಮ್ಮನೂ ರೇಣುಕೆಯೇ ಆದ್ದರಿಂದ, ಊರು ಬಿಟ್ಟು ಬಂದವರಿಗೆ ತಾಯಿಯ ಗುಡಿ ಮಾತ್ರ ಹೊಸದೆನಿಸುವುದಿಲ್ಲ. ಸುತ್ತಮುತ್ತ ಈರುಳ್ಳಿ, ದ್ರಾಕ್ಷಿ. ಕನ್ನಡದ ಮನೆಗಳು ಮಾತ್ರ ಬೆರಳೆಣಿಕೆಯಷ್ಟು. ಇಂಥ ಊರುಗಳಲ್ಲಿ ಬೆಳೆದ ನಮ್ಮ ಮಕ್ಕಳ ಕಥೆ ನಿಮಗೆ ಗೊತ್ತೇ ಇದೆ. ಅಜ್ಜಿ ಕನ್ನಡದಲ್ಲಿ ಕೇಳುತ್ತಾರೆ, ಮೊಮ್ಮಗ ಮರಾಠಿಯಲ್ಲಿ ಉತ್ತರಿಸುತ್ತಾನೆ. ಇಬ್ಬರಿಗೂ ಅರ್ಥವಾಗುತ್ತದೆ, ನಿಜ. ಆದರೆ ಮಾತು ಅಲ್ಲಿಗೇ ನಿಲ್ಲುತ್ತದೆ. "ಊಟ ಆಯ್ತಾ?", "ಹೋ ಅಜ್ಜಿ." ಮುಗಿಯಿತು.

ಇಬ್ಬರೂ ಕೂಡಿ ಮಾಡುವ ಕೆಲಸ ಒಂದಿದ್ದರೆ ಮಾತು ತಾನಾಗಿ ಬೆಳೆಯುತ್ತದೆ. ಕೇಕು ಅಂಥ ಕೆಲಸ. ಏಕೆಂದರೆ ಅದರಲ್ಲಿ ಅರ್ಧ ಜ್ಞಾನ ನಿಮಗಿದೆ, ಅರ್ಧ ಅಜ್ಜಿಗಿದೆ.

ಶೀಟ್ ಕೇಕ್ ಎಂದರೇನು?

ಶೀಟ್ ಎಂದರೆ ಹಾಳೆ. ಎತ್ತರಕ್ಕೆ ಬೆಳೆದ, ಪದರ ಪದರವಾಗಿ ಕೆನೆ ಮೆತ್ತಿದ ದುಂಡು ಕೇಕಲ್ಲ ಇದು. ಅಗಲವಾದ ಚೌಕ ತಟ್ಟೆಯಲ್ಲಿ ಒಂದು ಅಂಗುಲದಷ್ಟು ಹಿಟ್ಟು ಹುಯ್ದು ಬೇಯಿಸಿ, ತಟ್ಟೆಯಲ್ಲೇ ಮೇಲೆ ಬಿಸಿ ಚಾಕೊಲೇಟ್ ಸುರಿದು, ತಟ್ಟೆಯಲ್ಲೇ ಕತ್ತರಿಸಿ ಹಂಚುವುದು. ಅಮೆರಿಕದಲ್ಲಿರುವ ನಿಮ್ಮ ಚಿಕ್ಕಪ್ಪನನ್ನೋ ಅತ್ತಿಗೆಯನ್ನೋ ಕೇಳಿ ನೋಡಿ, "ಟೆಕ್ಸಾಸ್ ಶೀಟ್ ಕೇಕ್" ಎಂದರೆ ಅಲ್ಲಿ ಎಲ್ಲರಿಗೂ ಗೊತ್ತು. ಚರ್ಚಿನ ಸಹಭೋಜನಕ್ಕೆ, ಶಾಲೆಯ ಕಾರ್ಯಕ್ರಮಕ್ಕೆ, ಸಾವಿನ ಮನೆಗೆ ಕೂಡ ನೆರೆಹೊರೆಯವರು ಇದನ್ನು ತಟ್ಟೆ ಸಮೇತ ಒಯ್ಯುತ್ತಾರೆ. ಅಂದರೆ ಇದು ಷೋಕಿಯ ಕೇಕಲ್ಲ, ಹತ್ತು ಜನಕ್ಕೆ ಹಂಚುವ ಕೇಕು.

ನಮ್ಮಲ್ಲಿ ಇದಕ್ಕೆ ಹತ್ತಿರದ ನೆಂಟ ಯಾರು? ಬರ್ಫಿ! ಅಜ್ಜಿ ಕೊಬ್ಬರಿ ಬರ್ಫಿಯನ್ನು ತುಪ್ಪ ಸವರಿದ ತಟ್ಟೆಗೆ ಸುರಿದು, ಬಿಸಿಯಿರುವಾಗಲೇ ಗೆರೆ ಎಳೆಯುತ್ತಾರಲ್ಲ, ಅದೇ ಕೈಚಳಕ ಇಲ್ಲೂ ಬೇಕು.

ಕೋಕೋ ನಮ್ಮ ತೋಟದ್ದೂ ಹೌದು

ಚಾಕೊಲೇಟು ಪರದೇಶದ್ದು ಎಂದು ನೀವು ತಿಳಿದಿರಬಹುದು. ಗಿಡ ಮೂಲತಃ ದಕ್ಷಿಣ ಅಮೆರಿಕದ್ದು, ಸರಿ. ಆದರೆ ದಕ್ಷಿಣ ಕನ್ನಡ, ಕಾಸರಗೋಡಿನ ಅಡಿಕೆ ತೋಟಗಳಿಗೆ ಹೋದರೆ ಅಡಿಕೆ ಮರಗಳ ನಡುವಿನ ನೆರಳಿನಲ್ಲಿ ಕೋಕೋ ಗಿಡಗಳು ನಿಂತಿರುತ್ತವೆ. ಕಾಯಿ ರೆಂಬೆಯ ತುದಿಯಲ್ಲಿ ಬಿಡುವುದಿಲ್ಲ, ಹಲಸಿನ ಹಾಗೆ ಕಾಂಡಕ್ಕೇ ಅಂಟಿಕೊಂಡಿರುತ್ತದೆ. ಒಡೆದರೆ ಬಿಳಿ ತಿರುಳಿನಲ್ಲಿ ಬೀಜಗಳು. ಅವನ್ನು ಐದಾರು ದಿನ ಗುಡ್ಡೆ ಹಾಕಿ ಹುಳಿ ಬರಿಸುತ್ತಾರೆ, ಆಮೇಲೆ ಬಿಸಿಲಿನಲ್ಲಿ ಒಣಗಿಸುತ್ತಾರೆ. ಹುಳಿ ಬಾರದೆ ಚಾಕೊಲೇಟಿನ ಪರಿಮಳ ಬರುವುದಿಲ್ಲ. ಇಡ್ಲಿ ಹಿಟ್ಟಿಗೆ ಹುಳಿ ಬರಲೆಂದು ಕಾಯುವ ನಮ್ಮ ಮನೆಗಳಿಗೆ ಇದು ಹೊಸ ಪಾಠವೇನಲ್ಲ.

ಈ ಬೆಳೆಯ ಹಿಂದೆ ಒಂದು ಸಂಕಟದ ಕಥೆಯೂ ಇದೆ. ಅಡಿಕೆಯ ಬೆಲೆ ಕುಸಿದು ಬೆಳೆಗಾರರು ಕಂಗೆಟ್ಟಿದ್ದಾಗ, ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಸೇರಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಸಹಕಾರಿ ಸಂಸ್ಥೆಯನ್ನು ಕಟ್ಟಿದರು. ವಾರಣಾಸಿ ಸುಬ್ರಾಯ ಭಟ್ಟರು ಅದರ ಸ್ಥಾಪಕ ಅಧ್ಯಕ್ಷರು. ಅಡಿಕೆಯ ಜೊತೆಗೆ ಆಸರೆಯಾಗಲೆಂದು ರೈತರು ಕೋಕೋ ಬೆಳೆದಿದ್ದರು. 1980ರ ಸುಮಾರಿಗೆ ಅದರ ಮಾರುಕಟ್ಟೆಯೂ ಬಿದ್ದುಹೋಯಿತು, ಕೊಳ್ಳುವವರೇ ಇಲ್ಲದಂತಾಯಿತು. ಆಗ ಕ್ಯಾಂಪ್ಕೋ ಕೋಕೋ ಖರೀದಿಗೆ ಇಳಿಯಿತು. ಬರೀ ಬೀಜ ಮಾರಿದರೆ ಸಾಲದು, ಚಾಕೊಲೇಟನ್ನೇ ಮಾಡೋಣ ಎಂದು 1986ರಲ್ಲಿ ಪುತ್ತೂರಿನಲ್ಲಿ ಕಾರ್ಖಾನೆ ತೆರೆಯಿತು. ಮಾರಲಾಗದೆ ಕೈಯಲ್ಲಿ ಉಳಿದ ಬೀಜವನ್ನು ಹಿಡಿದು ಕೂತವರು ಕೈಕಟ್ಟಿ ಕೂರದೆ ಒಂದು ದಾರಿ ಕಂಡುಕೊಂಡರು. ಮುಂದಿನ ಸಲ ಕೋಕೋ ಡಬ್ಬಿಯ ಮುಚ್ಚಳ ತೆಗೆಯುವಾಗ ಇದು ನೆನಪಿರಲಿ.

ಕೇಕೂ ನಮಗೆ ಹೊಸದಲ್ಲ. ತಲಶ್ಶೇರಿಯ ಮಂಬಳ್ಳಿ ಬಾಪು 1883ರಲ್ಲಿ ಕ್ರಿಸ್‌ಮಸ್ ಕೇಕು ಮಾಡಿದರೆಂದು ಹೇಳುತ್ತಾರೆ. 1898ರಲ್ಲಿ ಹಾಸನ ಕಡೆಯ ಅಯ್ಯಂಗಾರ್ ಸಹೋದರರು ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೇಕರಿ ಇಟ್ಟರು. ಇವತ್ತು ಮುಂಬೈ, ಪುಣೆಯ ಬೀದಿಗಳಲ್ಲೂ "ಅಯ್ಯಂಗಾರ್ ಬೇಕರಿ" ಎಂಬ ಫಲಕ ಕಾಣುತ್ತೀರಿ. ಮಡಿ ಮೈಲಿಗೆ ನೋಡುವ ಮನೆತನದವರೇ ಬ್ರೆಡ್ಡು, ಕೇಕು ಬೇಯಿಸಿ ಊರೂರಿಗೆ ಹರಡಿದರು. ಮೊಟ್ಟೆಯಿಲ್ಲದೆ ಕೇಕು ಉಬ್ಬುತ್ತದೆಂದು ನಮ್ಮವರು ಎಂದೋ ಮಾಡಿ ತೋರಿಸಿದ್ದಾರೆ.

ಬೇಕಾಗುವ ಸಾಮಗ್ರಿಗಳು

ಇದು ಮೊಟ್ಟೆ ಹಾಕದ ಕೇಕು. ಏಕೆಂದು ಕೊನೆಯಲ್ಲಿ ಹೇಳುತ್ತೇನೆ. 13 ಅಂಗುಲ ಉದ್ದ, 9 ಅಂಗುಲ ಅಗಲ, 2 ಅಂಗುಲ ಎತ್ತರದ ತಟ್ಟೆಗೆ ಈ ಅಳತೆ. ತಟ್ಟೆ ಕೊಳ್ಳುವ ಮುಂಚೆ ನಿಮ್ಮ ಓವನ್ನಿನ ಒಳಗನ್ನು ಟೇಪು ಹಿಡಿದು ಅಳೆಯಿರಿ.

ಮೈದಾ – 250 ಗ್ರಾಂ (2 ಕಪ್)
ಸಕ್ಕರೆ – 300 ಗ್ರಾಂ (ಒಂದೂವರೆ ಕಪ್)
ಸಿಹಿ ಬೆರೆಸದ ಕೋಕೋ ಪುಡಿ – 45 ಗ್ರಾಂ (ಅರ್ಧ ಕಪ್)
ಅಡುಗೆ ಸೋಡಾ – 1 ಟೀ ಚಮಚ
ಬೇಕಿಂಗ್ ಪೌಡರ್ – 1 ಟೀ ಚಮಚ
ಉಪ್ಪು – ಅರ್ಧ ಟೀ ಚಮಚ
ಬೆಣ್ಣೆ – 60 ಗ್ರಾಂ
ವಾಸನೆಯಿಲ್ಲದ ಎಣ್ಣೆ – 60 ಮಿ.ಲೀ. (ಕಾಲು ಕಪ್)
ನೀರು – 240 ಮಿ.ಲೀ. (1 ಕಪ್)
ಸ್ವಲ್ಪ ಹುಳಿಯಾದ ಮೊಸರು – 180 ಗ್ರಾಂ (ಮುಕ್ಕಾಲು ಕಪ್)
ವೆನಿಲ್ಲಾ – 2 ಟೀ ಚಮಚ

ಮೇಲೆ ಹೊಯ್ಯಲು: ಬೆಣ್ಣೆ 75 ಗ್ರಾಂ, ಕೋಕೋ 3 ದೊಡ್ಡ ಚಮಚ, ಹಾಲು 4 ದೊಡ್ಡ ಚಮಚ, ಐಸಿಂಗ್ ಸಕ್ಕರೆ 200 ಗ್ರಾಂ, ಚಿಟಿಕೆ ಉಪ್ಪು, ಅರ್ಧ ಚಮಚ ವೆನಿಲ್ಲಾ, ಬೇಕಿದ್ದರೆ ಹುರಿದು ತರಿಯಾಗಿ ಕುಟ್ಟಿದ ಗೋಡಂಬಿ ಅಥವಾ ಕಡಲೆಕಾಯಿ ಬೀಜ.

ಮಾಡುವ ವಿಧಾನ

ಮೊದಲು ಓವನ್ನನ್ನು 180 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು ಹದಿನೈದು ನಿಮಿಷ ಕಾಯಿಸಿ. ತಟ್ಟೆಗೆ ಬೆಣ್ಣೆ ಸವರಿ ತಳಕ್ಕೆ ಬಟರ್ ಪೇಪರ್ ಹಾಸಿ.

ಮೈದಾ, ಸೋಡಾ, ಬೇಕಿಂಗ್ ಪೌಡರ್, ಉಪ್ಪು ಇಷ್ಟನ್ನೂ ಕೂಡಿಸಿ ಎರಡು ಸಲ ಜರಡಿ ಹಿಡಿಯಿರಿ. ಸೋಡಾದ ಒಂದು ಗಂಟು ಉಳಿದರೂ ಆ ತುಂಡು ತಿಂದವರ ಬಾಯಿ ಕಹಿ. ಇದಕ್ಕೆ ಸಕ್ಕರೆ ಬೆರೆಸಿ.

ಇನ್ನೊಂದು ಪಾತ್ರೆಯಲ್ಲಿ ಬೆಣ್ಣೆ, ಎಣ್ಣೆ, ನೀರು, ಕೋಕೋ ಹಾಕಿ ಒಲೆಯ ಮೇಲಿಟ್ಟು ಕದಡುತ್ತ ಒಂದು ಕುದಿ ಬರಿಸಿ. ಬಿಸಿ ತಾಗಿದಾಗ ಕೋಕೋದ ಬಣ್ಣ ಗಾಢವಾಗಿ ಪರಿಮಳ ಅರಳುತ್ತದೆ. ಒಗ್ಗರಣೆಯಲ್ಲಿ ಇಂಗು ಅರಳುವುದಿಲ್ಲವೇ, ಹಾಗೆ. ಈ ಬಿಸಿ ಕಷಾಯವನ್ನು ಹಿಟ್ಟಿನ ಮೇಲೆ ಸುರಿದು ಕಲಸಿ. ಕೊನೆಗೆ ಮೊಸರು, ವೆನಿಲ್ಲಾ. ಗಂಟಿಲ್ಲದಂತಾದ ಕೂಡಲೇ ಕೈ ನಿಲ್ಲಿಸಿ. ಚಪಾತಿ ಹಿಟ್ಟನ್ನು ನಾದಿದಷ್ಟೂ ಅಂಟು ಬರುತ್ತದೆ. ಚಪಾತಿಗೆ ಅದು ಬೇಕು, ಕೇಕಿಗೆ ಬೇಡ, ರಬ್ಬರಿನಂತಾಗುತ್ತದೆ.

ಹಿಟ್ಟು ದೋಸೆ ಹಿಟ್ಟಿನ ಹದದಲ್ಲಿರಬೇಕು. "ತುಂಬಾ ನೀರಾಯಿತು" ಎಂದು ಹೆದರಿ ಮೈದಾ ಸೇರಿಸಬೇಡಿ, ಕೇಕು ಒದ್ದೆಯಾಗಿರುವ ಗುಟ್ಟೇ ಅದು. ತಡಮಾಡದೆ ತಟ್ಟೆಗೆ ಸುರಿದು ನಡುವಿನ ಅಂತಸ್ತಿನಲ್ಲಿಡಿ. ಮೊಸರಿನ ಹುಳಿಯೂ ಸೋಡಾವೂ ಸೇರಿ ಗಾಳಿಗುಳ್ಳೆಗಳು ಏಳಲು ಶುರುವಾಗಿರುತ್ತವೆ. ಅವು ಹಿಟ್ಟಿನಲ್ಲಿರುವಾಗಲೇ ಕೇಕು ಬೇಯಬೇಕು, ಕಾದರೆ ಹಾರಿಹೋಗುತ್ತವೆ. 25ರಿಂದ 30 ನಿಮಿಷ ಸಾಕು. 25ನೇ ನಿಮಿಷಕ್ಕೆ ನಡುವೆ ಒಂದು ಕಡ್ಡಿ ಚುಚ್ಚಿ. ಹಸಿ ಹಿಟ್ಟು ಅಂಟದೆ ಒಂದೆರಡು ತೇವದ ಅಗಳು ಅಂಟಿದರೆ ತೆಗೆದುಬಿಡಿ. ಕಡ್ಡಿ ಪೂರ್ತಿ ಒಣಗಿ ಬರುವ ತನಕ ಬಿಟ್ಟರೆ ಕೇಕೂ ಒಣಗುತ್ತದೆ.

ಕೇಕು ಹೊರಗೆ ಬಂದಮೇಲೆ ಮೇಲಿನ ಚಾಕೊಲೇಟಿಗೆ ಕೈಹಚ್ಚಿ. ಬೆಣ್ಣೆ, ಕೋಕೋ, ಹಾಲು ಒಂದು ಕುದಿ ಬರಿಸಿ ಇಳಿಸಿ. ಜರಡಿ ಹಿಡಿದ ಐಸಿಂಗ್ ಸಕ್ಕರೆ, ಉಪ್ಪು, ವೆನಿಲ್ಲಾ ಹಾಕಿ ಚೆನ್ನಾಗಿ ಗೊಟಾಯಿಸಿ. ಕೇಕೂ ಬಿಸಿ, ಇದೂ ಬಿಸಿ ಇರುವಾಗಲೇ, ಹತ್ತು ನಿಮಿಷದೊಳಗೆ, ಮೇಲೆ ಸುರಿದು ಹರಡಿ. ಸ್ವಲ್ಪ ಒಳಗೆ ಇಂಗುತ್ತದೆ, ಉಳಿದದ್ದು ಮೇಲೆ ತೆಳ್ಳಗೆ ಕೆನೆಗಟ್ಟುತ್ತದೆ. ಬೀಜ ಉದುರಿಸಿ. ಪೂರ್ತಿ ಆರಿದಮೇಲೆ ಬಿಸಿನೀರಿನಲ್ಲಿ ಅದ್ದಿ ಒರೆಸಿದ ಚಾಕುವಿನಿಂದ ಉದ್ದಕ್ಕೆ ಆರು, ಅಗಲಕ್ಕೆ ನಾಲ್ಕು ಭಾಗ ಮಾಡಿದರೆ 24 ತುಂಡು.

ಬೆಣ್ಣೆ, ಎಣ್ಣೆ ಎರಡೂ ಏಕೆಂದು ಕೇಳಬಹುದು. ಬೆಣ್ಣೆ ರುಚಿಗೆ. ಆದರೆ ನಾಸಿಕದ ಕಡೆಯ ಡಿಸೆಂಬರ್ ಚಳಿಯಲ್ಲಿ ಬೆಣ್ಣೆ ಗಟ್ಟಿಯಾಗಿ ಕೇಕೂ ಗಡುಸಾಗುತ್ತದೆ. ಎಣ್ಣೆ ಗಟ್ಟಿಯಾಗದ್ದರಿಂದ ಮರುದಿನವೂ ಕೇಕು ಮೆತ್ತಗಿರುತ್ತದೆ. ಮೇ ತಿಂಗಳ ಬಿಸಿಲಿಗೆ ಮಾತ್ರ ಮೇಲಿನ ಚಾಕೊಲೇಟು ಕರಗುತ್ತದೆ, ಫ್ರಿಜ್ಜಿನಲ್ಲಿಡಿ.

ಓವನ್ ಇಲ್ಲದಿದ್ದರೆ

ಹಾಸ್ಟೆಲಿನ ಅಥವಾ ಬಾಡಿಗೆ ಕೋಣೆಯ ಮಕ್ಕಳು ಬೇಸರಪಡಬೇಕಿಲ್ಲ. ಎಲ್ಲ ಅಳತೆಯನ್ನೂ ಅರ್ಧ ಮಾಡಿ, 8 ಅಂಗುಲದ ಅಲ್ಯೂಮಿನಿಯಂ ಡಬ್ಬಿ ತೆಗೆದುಕೊಳ್ಳಿ. ಅದು ಹಿಡಿಸುವಷ್ಟು ದೊಡ್ಡ ಕುಕ್ಕರಿನ ಅಥವಾ ದಪ್ಪ ತಳದ ಪಾತ್ರೆಯ ತಳಕ್ಕೆ ಒಂದು ಅಂಗುಲ ಪುಡಿ ಉಪ್ಪು ಹರಡಿ, ಮೇಲೆ ಸಣ್ಣ ಸ್ಟ್ಯಾಂಡು ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಕುಕ್ಕರ್ ಆದರೆ ಗ್ಯಾಸ್ಕೆಟ್ಟನ್ನೂ ವೆಯ್ಟನ್ನೂ ತೆಗೆದಿರಲೇಬೇಕು, ಒಳಗೆ ನೀರು ಹಾಕಬಾರದು. ಡಬ್ಬಿಯಿಟ್ಟು ಸಣ್ಣ ಉರಿಯಲ್ಲಿ 35ರಿಂದ 45 ನಿಮಿಷ ಬೇಯಿಸಿ. ನಮ್ಮ ಕಾಲದಲ್ಲಿ ದೀಪಾವಳಿಗೆ ನಾನಖಟಾಯಿ ಹಿಟ್ಟನ್ನು ಮನೆಯಲ್ಲಿ ಕಲಸಿ ಬೇಕರಿಯ ಭಟ್ಟಿಗೆ ಒಯ್ದು ಸುಟ್ಟು ತರುತ್ತಿದ್ದರು. ಓವನ್ ಇರಲಿಲ್ಲವೆಂದು ಯಾರೂ ಹಬ್ಬ ಬಿಟ್ಟಿರಲಿಲ್ಲ.

ಮೊಟ್ಟೆ ಏಕಿಲ್ಲ, ಆರತಿ ಏಕಿದೆ

ನೀವು ಮೊಟ್ಟೆ ತಿನ್ನುವವರಿರಬಹುದು, ಅದು ನಿಮ್ಮ ಇಷ್ಟ. ಆದರೆ ಮೊಮ್ಮಗಳ ಹುಟ್ಟುಹಬ್ಬದ ದಿನ ಎಲ್ಲರ ಕೈಯಲ್ಲೂ ಕೇಕಿನ ತಟ್ಟೆ, ಅಜ್ಜಿಯ ಕೈಯಲ್ಲಿ ಮಾತ್ರ ಎರಡು ಬಾಳೆಹಣ್ಣು ಇರುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. "ನನಗೆ ಬೇಡಪ್ಪ, ನೀವು ತಿನ್ನಿ" ಎಂದು ನಗುತ್ತಾರೆ. ಆ ನಗುವಿನ ಹಿಂದೆ ಏನಿದೆಯೆಂದು ಯಾರೂ ಕೇಳುವುದಿಲ್ಲ. ಅವರ ಸಂಭ್ರಮ ಬಾಗಿಲ ಹೊರಗೇ ನಿಲ್ಲುತ್ತದೆ. ಮೊಸರು ಹಾಕಿದ ಕೇಕು ಅವರನ್ನೂ ಒಳಗೆ ಕರೆಯುತ್ತದೆ. ಇನ್ನು ದೀಪ ಆರಿಸುವುದು ಅಪಶಕುನ ಎಂದು ಹಿರಿಯರು ಗೊಣಗಿದರೆ ಜಗಳ ಬೇಡ. ನಮ್ಮ ಮನೆಯಲ್ಲಿ ಮೊದಲು ನಮ್ಮ ಅತ್ತೆಯವರು ಆರತಿ ಎತ್ತುತ್ತಾರೆ, ಆಮೇಲೆ ಕೇಕಿಗೆ ಚಾಕು.

ಈಗ ಮೊದಲು ಹೇಳಿದ ಇನ್ನೊಂದು ಕೆಲಸಕ್ಕೆ ಬರುತ್ತೇನೆ. ಮೇಲಿನ ವಿಧಾನವನ್ನು ಮತ್ತೊಮ್ಮೆ ಓದಿ. ಜರಡಿ ಹಿಡಿ, ಕದಡು, ಕಲಸು, ನಾದು, ಗೊಟಾಯಿಸು, ಸವರು, ಉದುರಿಸು, ಕುದಿ ಬರಿಸು, ಇಳಿಸು, ಆರಿಸು. ಇಂಗ್ಲಿಷ್‌ನಲ್ಲಿ ಬಿ.ಎ. ಓದಿದವಳು ನಾನು. ಆದರೂ "ಹದ" ಎಂಬ ಎರಡಕ್ಷರಕ್ಕೆ ಸರಿಯಾದ ಒಂದು ಇಂಗ್ಲಿಷ್ ಪದ ನನಗೆ ಇನ್ನೂ ಸಿಕ್ಕಿಲ್ಲ. ಈ ಮಾತುಗಳು ಪಠ್ಯಪುಸ್ತಕದಲ್ಲಿ ಬರುವುದು ಕಡಿಮೆ. ಇವು ಅಡುಗೆಮನೆಯಲ್ಲಿ, ಒಬ್ಬರ ಕೈ ನೋಡಿ ಇನ್ನೊಬ್ಬರು ಮಾಡುವಾಗ ಮಾತ್ರ ದಾಟುತ್ತವೆ. ಅಜ್ಜಿಯ ಜೊತೆಗೇ ಅವು ಹೊರಟುಹೋದರೆ ಮರಳಿ ತರುವ ಅಂಗಡಿ ಎಲ್ಲೂ ಇಲ್ಲ. ಕನ್ನಡ ಉಳಿಸಬೇಕೆಂದು ನಾವು ವೇದಿಕೆಯ ಮೇಲೆ ಗಂಟೆಗಟ್ಟಲೆ ಮಾತಾಡುತ್ತೇವೆ. ನೀವು ಬಂದು ಕೇಳುವುದಿಲ್ಲ, ಅದಕ್ಕಾಗಿ ನಿಮ್ಮನ್ನು ದೂರುವುದೂ ಇಲ್ಲ. ಒಂದು ಭಾನುವಾರ ಅಜ್ಜಿಗೆ ಜರಡಿ ಕೊಡಿ, ಅಳತೆ ನೀವು ನೋಡಿ. ಹಿಟ್ಟಿನ ಹದ ಸರಿಯೋ ಎಂದು ಅವರನ್ನೇ ಕೇಳಿ. ಅವರು ಹೇಳುವ ಪದ ತಿಳಿಯದಿದ್ದರೆ "ಹಾಗೆಂದರೇನು?" ಎಂದು ಕೇಳಿ. ಓವನ್ನಿನ ಮುಂದೆ ಕಾಯುವ ಅರ್ಧ ಗಂಟೆಯಲ್ಲಿ ಅವರು ಹುಟ್ಟಿದೂರಿನ ಕಥೆ ಹೊರಬರದಿದ್ದರೆ ನನ್ನನ್ನು ಕೇಳಿ!

ಈ ಕೇಕು ಮುಚ್ಚಿಟ್ಟರೆ ಚಳಿಗಾಲದಲ್ಲಿ ಎರಡು ದಿನ ಹೊರಗೆ ಕೆಡದೆ ಇರುತ್ತದೆ. ತಟ್ಟೆ ಸಮೇತ ಬಸ್ಸಿನಲ್ಲೂ ಒಯ್ಯಬಹುದು. ಮುಂದಿನ ನವೆಂಬರಿನಲ್ಲಿ ನಿಮ್ಮ ಊರಿನ ಸಂಘದಲ್ಲಿ ರಾಜ್ಯೋತ್ಸವ ನಡೆಯುವಾಗ ಕೇಸರಿಬಾತಿನ ಪಕ್ಕದಲ್ಲಿ ನೀವು ಮಾಡಿದ ಒಂದು ತಟ್ಟೆ ಇರಲಿ. ಅಡಿಕೆ ಹಾಳೆಯ ತಟ್ಟೆ ಸಿಕ್ಕರೆ ಅದರಲ್ಲೇ ಹಂಚಿ. ಅಡಿಕೆಯ ನೆರಳಿನಲ್ಲಿ ಬೆಳೆದ ಕೋಕೋಗೆ ಅದಕ್ಕಿಂತ ಒಪ್ಪುವ ತಟ್ಟೆ ಬೇರಿಲ್ಲ. ಮೊದಲ ತುಂಡು ಯಾರಿಗೆಂದು ನಾನು ಹೇಳಬೇಕಿಲ್ಲವಷ್ಟೆ?