ಗೋಡೆಯ ಬಿರುಕಿನಲ್ಲಿ ಕಾಯುವ ಜ್ವರ

ಮಲೆನಾಡಿನವರಿಗೆ ಉಣ್ಣೆ ಎಂದರೆ ಕಾಡಿನ ಸಂಗತಿ. ಸೊಪ್ಪಿಗೆ ಹೋದವರ ಕಾಲಿಗೆ, ಮೇದು ಬಂದ ದನದ ಕಿವಿಗೆ ಹತ್ತಿಕೊಂಡು ಅದು ಮನೆಗೆ ಬರುತ್ತದೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಉಣ್ಣೆಯಿಂದ ಹರಡುವ ಮಂಗನ ಕಾಯಿಲೆ ಬೆಳಕಿಗೆ ಬಂದ ಮೇಲಂತೂ ಉಣ್ಣೆಯನ್ನೂ ಕಾಡನ್ನೂ ಬೇರೆ ಮಾಡಿ ಯೋಚಿಸುವುದೇ ನಮಗೆ ಕಷ್ಟ. ಆದರೆ ಪೂರ್ವ ದೆಹಲಿಯ ಘಾಜೀಪುರ ಡೈರಿಯಲ್ಲಿ ಕಾಡೂ ಇಲ್ಲ, ಗೋಮಾಳವೂ ಇಲ್ಲ. 1984ರಿಂದ ಸುರಿದ ಕಸ ಗುಡ್ಡವಾಗಿ ನಿಂತ ಜಾಗದ ಹತ್ತಿರ ಇಟ್ಟಿಗೆಯ ಕೊಟ್ಟಿಗೆಗಳು, ಒತ್ತೊತ್ತಾಗಿ ಕಟ್ಟಿದ ಮುರ್ರಾ ಎಮ್ಮೆಗಳು, ಅವುಗಳ ಮಗ್ಗುಲಲ್ಲೇ ಹೋಲ್‌ಸ್ಟೀನ್ ರಕ್ತದ ಮಿಶ್ರತಳಿ ಹಸುಗಳು. ಮೇವು ಲಾರಿಯಲ್ಲಿ ಬರುತ್ತದೆ, ಹಾಲು ಕ್ಯಾನಿನಲ್ಲಿ ಹೋಗುತ್ತದೆ. ಇಂಥ ಕಡೆಯೂ ಹಸುವಿನ ಕೆಚ್ಚಲ ಸಂದಿಯಲ್ಲಿ ಉಣ್ಣೆ ಜೋತಾಡುತ್ತಿರುತ್ತದೆ. ಹರಿಯಾಣದ ಹಳ್ಳಿಗರು ಇದನ್ನು ಚಿಚ್ಚಡ ಎನ್ನುತ್ತಾರೆ.

ಅದು ಬರುವುದು ಕೊಟ್ಟಿಗೆಯ ಗೋಡೆಯಿಂದ. ಗಾರೆ ಉದುರಿದ ಇಟ್ಟಿಗೆ ಸಂದಿಗೆ ಟಾರ್ಚ್ ಬಿಟ್ಟರೆ ಕಂದು ಬಣ್ಣದ, ಕಾಲುಗಳಲ್ಲಿ ತೆಳು ಪಟ್ಟೆಗಳಿರುವ ಹುಳುಗಳು ಒಂದರ ಮೇಲೊಂದು ಕೂತಿರುವುದು ಕಾಣುತ್ತದೆ. ಇದು ಹಯಲೊಮ್ಮ ಅನಾಟೋಲಿಕಂ. ನಮ್ಮ ದನಗಳ ಮೇಲೆ ಹೆಚ್ಚಾಗಿ ಕಾಣುವ ಇನ್ನೊಂದು ಉಣ್ಣೆ, ರಿಪಿಸೆಫಾಲಸ್ ಮೈಕ್ರೋಪ್ಲಸ್, ಹಸುವಿನ ಮೈಮೇಲೇ ಸಂಸಾರ ಹೂಡುವ ಜಾತಿ. ಮರಿಯಾಗಿ ಹತ್ತಿದ್ದು ಮೂರು ವಾರ ಅದೇ ಹಸುವಿನ ಮೇಲೆ ಪೊರೆ ಕಳಚಿ, ದೊಡ್ಡದಾಗಿ, ಕೂಡಿ, ಕೊನೆಗೆ ರಕ್ತ ತುಂಬಿದ ಹೆಣ್ಣು ಹರಳು ಬೀಜದ ಹಾಗೆ ಊದಿಕೊಂಡು ಕೆಳಗೆ ಬೀಳುತ್ತದೆ. ಎರಡು ಮೂರು ಸಾವಿರ ಮೊಟ್ಟೆಯಿಟ್ಟು ಸಾಯುತ್ತದೆ. ಹಯಲೊಮ್ಮದ ರೀತಿ ಬೇರೆ. ಅದು ಊಟಕ್ಕಷ್ಟೇ ಹಸುವಿನ ಬಳಿ ಬರುತ್ತದೆ. ಉಂಡು ಇಳಿದು ಗೋಡೆ ಸೇರಿ, ಅಲ್ಲಿ ಪೊರೆ ಬಿಟ್ಟು, ಮತ್ತೆ ಹಸಿದಾಗ ಇನ್ನೊಂದು ಪ್ರಾಣಿಯನ್ನು ಹತ್ತುತ್ತದೆ. ಹೀಗೆ ಒಂದು ಜನ್ಮದಲ್ಲಿ ಎರಡು ಅಥವಾ ಮೂರು ಪ್ರಾಣಿಗಳ ರಕ್ತದ ರುಚಿ ನೋಡುತ್ತದೆ. ರೋಗ ಹರಡುವ ಗುಟ್ಟೆಲ್ಲ ಈ ಹತ್ತಿಳಿಯುವ ಓಡಾಟದಲ್ಲಿದೆ.

ಉಣ್ಣೆಗೆ ಮುಂಗಾಲುಗಳೇ ಮೂಗು. ಅವುಗಳ ತುದಿಯಲ್ಲಿ ಹಾಲರನ ಅಂಗ ಎಂಬ ಪುಟ್ಟ ಕುಳಿಯಿದೆ. ಹಸುವಿನ ಉಸಿರಿನ ಇಂಗಾಲದ ಡೈಆಕ್ಸೈಡ್, ಮೈಬಿಸಿ, ಗಂಜಲದ ಅಮೋನಿಯಾ ಎಲ್ಲವೂ ಅದಕ್ಕೆ ತಿಳಿಯುತ್ತದೆ. ಮೈ ಹತ್ತಿದ ಮೇಲೆ ತೊಗಲು ಮೆತ್ತಗಿರುವ ಜಾಗ ಹುಡುಕುತ್ತದೆ: ಕಿವಿಯ ಒಳಮೈ, ಗಂಗೆದೊಗಲು, ತೊಡೆಸಂದು, ಬಾಲದ ಬುಡ. ಹಿಂದಕ್ಕೆ ಬಾಗಿದ ಮುಳ್ಳುಗಳ ಕೊಂಡಿಯನ್ನು ತೊಗಲಿಗೆ ಇಳಿಸಿ, ಸುತ್ತಲೂ ಸಿಮೆಂಟಿನಂಥ ಅಂಟು ಬಿಡುತ್ತದೆ. ಹಿಡಿದೆಳೆದರೆ ಉಣ್ಣೆಯ ಜೊತೆ ಚರ್ಮವೂ ಕಿತ್ತು ಬರುವುದು ಇದರಿಂದ. ಇಷ್ಟಾದರೂ ಹಸುವಿಗೆ ನೋವೇ ಗೊತ್ತಾಗದಂತೆ ನೋಡಿಕೊಳ್ಳುವ ಮದ್ದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮದ್ದು ಎರಡೂ ಅದರ ಜೊಲ್ಲಿನಲ್ಲಿವೆ. ಹೀರಿದ ರಕ್ತವನ್ನು ಹಾಗೇ ಇಟ್ಟುಕೊಳ್ಳಲು ಹೊಟ್ಟೆಯಲ್ಲಿ ಜಾಗ ಸಾಲದು. ಅದಕ್ಕೆ ರಕ್ತದ ನೀರಿನಂಶದ ಬಹುಪಾಲನ್ನು ಬೇರ್ಪಡಿಸಿ, ಜೊಲ್ಲಿನ ರೂಪದಲ್ಲಿ ಮರಳಿ ಹಸುವಿಗೇ ಸೇರಿಸುತ್ತದೆ. ರೋಗ ತರುವ ಪರೋಪಜೀವಿ ಹಸುವಿಗೆ ದಾಟುವುದು ಈ ಜೊಲ್ಲಿನಲ್ಲೇ.

ಹಯಲೊಮ್ಮ ಹೊತ್ತು ತರುವ ಪರೋಪಜೀವಿಯ ಹೆಸರು ಥೈಲೇರಿಯಾ ಆನ್ಯುಲೇಟಾ. ಕಾಕಸಸ್ ಪರ್ವತದ ಆಚೆಯ ದನಗಳಲ್ಲಿ ಇದನ್ನು ಗುರುತಿಸಿ ವಿವರಿಸಿದ್ದು 1904ರಲ್ಲಿ. ಇದು ಉಣ್ಣೆಯ ಮೊಟ್ಟೆಗೆ ಹೋಗುವುದಿಲ್ಲ, ಹಾಗಾಗಿ ಪ್ರತಿ ತಲೆಮಾರಿನ ಮರಿಯೂ ನಿರ್ದೋಷಿಯಾಗೇ ಹುಟ್ಟುತ್ತದೆ. ಮರಿ ಅಥವಾ ಅದರ ಮುಂದಿನ ಹಂತದಲ್ಲಿ ಸೋಂಕಿರುವ ಪ್ರಾಣಿಯ ರಕ್ತ ಕುಡಿದರೆ ಮಾತ್ರ ಅಂಟಿಸಿಕೊಳ್ಳುತ್ತದೆ, ದೊಡ್ಡದಾದ ಮೇಲೆ ಬೇರೆ ಹಸುವಿಗೆ ದಾಟಿಸುತ್ತದೆ. ಕಚ್ಚಿದ ಕೂಡಲೇ ಅಲ್ಲ. ಉಣ್ಣೆ ರಕ್ತ ಹೀರತೊಡಗಿದ ಮೇಲೆಯೇ ಅದರ ಜೊಲ್ಲುಗ್ರಂಥಿಯಲ್ಲಿ ಥೈಲೇರಿಯಾ ಬಲಿಯುತ್ತದೆ, ಅದಕ್ಕೆ ಎರಡು ಮೂರು ದಿನ ಬೇಕು. ದಿನಾ ಹಾಲು ಕರೆಯುವಾಗ ಕೆಚ್ಚಲ ಸುತ್ತ ಕೈಯಾಡಿಸಿ ಉಣ್ಣೆ ಕೀಳುವ ಹಳೆಯ ರೂಢಿಗೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಬೇಕಿಲ್ಲ.

ಹಸುವಿನ ಮೈಯೊಳಗೆ ಥೈಲೇರಿಯಾ ಮಾಡುವ ಕೆಲಸ ದಂಗುಬಡಿಸುವಂಥದ್ದು. ರೋಗವನ್ನು ಎದುರಿಸಬೇಕಾದ ಬಿಳಿ ರಕ್ತಕಣಗಳ ಒಳಗೇ ಅದು ಹೊಕ್ಕು ಕೂರುತ್ತದೆ. ಕಣವನ್ನು ಕೊಲ್ಲುವ ಬದಲು ಬೆಳೆಯಲು ಹಚ್ಚುತ್ತದೆ. ಕಣ ಒಡೆದು ಎರಡಾಗುವಾಗ ಅದರ ವಿಭಜನೆಯ ಎಳೆಗಳಿಗೆ ತಾನೂ ಅಂಟಿಕೊಂಡು, ಹೊಸ ಕಣಗಳೆರಡರಲ್ಲೂ ಪಾಲು ಪಡೆಯುತ್ತದೆ. ಕಣ ಕ್ಯಾನ್ಸರಿನಂತೆ ವರ್ತಿಸುತ್ತದೆ, ವ್ಯತ್ಯಾಸವಿಷ್ಟೇ: ಬ್ಯುಪಾರ್ವಕ್ವೋನ್ ಔಷಧಿಯಿಂದ ಥೈಲೇರಿಯಾ ಸತ್ತರೆ ಆ ಹುಚ್ಚು ಬೆಳವಣಿಗೆಯೂ ನಿಲ್ಲುತ್ತದೆ. ಕ್ಯಾನ್ಸರ್ ಸಂಶೋಧಕರು ದನದ ರೋಗದ ಮೇಲೆ ಕಣ್ಣಿಟ್ಟಿರುವುದು ಈ ಕಾರಣಕ್ಕೆ. ಹೊರಗೆ ಕಾಣುವುದು ಸುಡುವ ಜ್ವರ, ಭುಜದ ಮುಂದೆ ಮುಷ್ಟಿ ಗಾತ್ರಕ್ಕೆ ಊದಿದ ದುಗ್ಧಗ್ರಂಥಿ, ಇಳಿದುಹೋದ ಹಾಲು, ಬಿಳಿಚಿಕೊಂಡ ಕಣ್ಣ ರೆಪ್ಪೆಯ ಒಳಮೈ. ಆ ಗ್ರಂಥಿಗೆ ಸೂಜಿ ಚುಚ್ಚಿ ತೆಗೆದ ಹನಿಯಲ್ಲಿ ಕಾಣುವ ನೀಲಿ ಚುಕ್ಕೆಗಳಿಗೆ ಜರ್ಮನ್ ವಿಜ್ಞಾನಿ ರಾಬರ್ಟ್ ಕಾಖ್‌ನ ಹೆಸರೇ ಉಳಿದಿದೆ. ಚಿಕಿತ್ಸೆ ಬೇಗ ಸಿಕ್ಕರೆ ಹಸು ಉಳಿಯುತ್ತದೆ, ತಡವಾದರೆ ಕಷ್ಟ.

ಘಾಜೀಪುರದಂಥ ಕೊಟ್ಟಿಗೆಯಲ್ಲಿ ಎಮ್ಮೆ ಮತ್ತು ಮಿಶ್ರತಳಿ ಹಸುವನ್ನು ಪಕ್ಕಪಕ್ಕ ಕಟ್ಟುವುದು ಈ ದೃಷ್ಟಿಯಿಂದ ಕೆಟ್ಟ ಜೋಡಿ. ಎಮ್ಮೆಗೆ ಥೈಲೇರಿಯಾ ಹಳೆಯ ಪರಿಚಯ. ಎಮ್ಮೆಯೇ ಅದರ ಮೂಲ ಆಸರೆಯಾಗಿರಬೇಕೆಂದು ಊಹಿಸಿದ ವಿಜ್ಞಾನಿಗಳಿದ್ದಾರೆ. ಎಮ್ಮೆ ಸಾಮಾನ್ಯವಾಗಿ ಹೆಚ್ಚು ನರಳುವುದಿಲ್ಲ, ಆದರೆ ರಕ್ತದಲ್ಲಿ ಪರೋಪಜೀವಿಯನ್ನು ಉಳಿಸಿಕೊಂಡಿರುತ್ತದೆ. ಯುರೋಪಿನ ತಳಿಯಾದ ಹೋಲ್‌ಸ್ಟೀನ್‌ಗೆ ಆ ಪರಿಚಯವಿಲ್ಲ. ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದೇ ಸೋಂಕನ್ನು ದೇಸಿ ಸಾಹಿವಾಲ್ ಮತ್ತು ಹೋಲ್‌ಸ್ಟೀನ್ ಕರುಗಳಿಗೆ ಕೊಟ್ಟಾಗ ಸಾಹಿವಾಲ್ ಕರುಗಳು ಚೇತರಿಸಿಕೊಂಡವು, ಹೋಲ್‌ಸ್ಟೀನ್ ಕರುಗಳು ತಡೆಯಲಿಲ್ಲ. ಮಿಶ್ರತಳಿಯ ಹಾಲಿನ ಲೆಕ್ಕ ಹಾಕುವಾಗ ಈ ಖರ್ಚನ್ನು ನಾವು ಬರೆದುಕೊಂಡಿದ್ದೇ ಕಡಿಮೆ. ಆ ಲೆಕ್ಕದಲ್ಲಿ ಬೆಂಗಳೂರಿಗೂ ಪಾಲುಂಟು: 1923ರಲ್ಲಿ ಆಡುಗೋಡಿಯಲ್ಲಿ ಶುರುವಾಗಿ, 1927ರಲ್ಲಿ ಗಾಂಧೀಜಿ ಹೋಗಿ ಪಶುಪಾಲನೆ ಕಲಿತ ಹೈನು ಸಂಸ್ಥೆಯೇ 1955ರಲ್ಲಿ ಹರಿಯಾಣದ ಕರ್ನಾಲಿಗೆ ಹೋಗಿ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆ (ಎನ್‌ಡಿಆರ್‌ಐ) ಆದದ್ದು. ಥಾರ್‌ಪಾರ್ಕರ್ ಮತ್ತು ಹೋಲ್‌ಸ್ಟೀನ್ ಸೇರಿಸಿ ಕರಣ್ ಫ್ರೀಸ್ ತಳಿ ಮಾಡಿದ್ದು ಅಲ್ಲಿ.

ಮೈಕ್ರೋಪ್ಲಸ್ ಉಣ್ಣೆ ತರುವ ಬಬೇಸಿಯಾ ಎಂಬ ಇನ್ನೊಂದು ಪರೋಪಜೀವಿಯ ಕಥೆ ಥೈಲೇರಿಯಾಕ್ಕೆ ತದ್ವಿರುದ್ಧ. ಒಂದೇ ಹಸುವಿನ ಮೇಲೆ ಜನ್ಮ ಕಳೆಯುವ ಉಣ್ಣೆ ಇನ್ನೊಂದು ಹಸುವಿಗೆ ರೋಗ ಕೊಡುವುದಾದರೂ ಹೇಗೆ? ಬಬೇಸಿಯಾ ತಾಯಿ ಉಣ್ಣೆಯ ಮೊಟ್ಟೆಗೇ ನುಗ್ಗುತ್ತದೆ, ಮರಿಗಳು ಸೋಂಕು ಹೊತ್ತೇ ಹುಟ್ಟುತ್ತವೆ. ಅಮೆರಿಕದಲ್ಲಿ ಟೆಕ್ಸಾಸಿನ ದನಗಳು ನಡೆದು ಹೋದ ದಾರಿಯಲ್ಲಿ, ಅವು ದಾಟಿ ವಾರಗಳಾದ ಮೇಲೆ, ಉತ್ತರದ ದನಗಳು ಸಾಯುತ್ತಿದ್ದುದರ ಒಗಟು ಬಿಡಿಸಿದ್ದು ಇದೇ ಸಂಗತಿ. ಉಣ್ಣೆಯೇ ಕಾರಣ ಎಂದ ದನಗಾರರನ್ನು ಪಂಡಿತರು ನಕ್ಕು ಕಳಿಸಿದ್ದರು. ಸಂಶೋಧಕರಾದ ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್, ಉಣ್ಣೆ ಕಿತ್ತ ದಕ್ಷಿಣದ ದನಗಳನ್ನು ಉತ್ತರದ ದನಗಳ ಜೊತೆ ಬಿಟ್ಟು, ಇನ್ನೊಂದು ಬೇಲಿಯೊಳಗೆ ಬರೀ ಉಣ್ಣೆ ಚೆಲ್ಲಿ ಪರೀಕ್ಷಿಸಿದರು. ಉಣ್ಣೆಯಿದ್ದಲ್ಲೇ ರೋಗ ಬಂತು. ಅವರ ವರದಿ 1893ರದು. ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಕಂಡದ್ದು ಅದಕ್ಕೆ ನಾಲ್ಕು ವರ್ಷ ಆಮೇಲೆ. ಸೊಳ್ಳೆಗೆ ಸಿಕ್ಕ ಕೀರ್ತಿ ಉಣ್ಣೆಗೆ ಸಿಗಲಿಲ್ಲ.

ಬಬೇಸಿಯಾ ಕೆಂಪು ರಕ್ತಕಣಗಳನ್ನು ಒಡೆದು ಮೂತ್ರವನ್ನು ಕಾಫಿ ಬಣ್ಣಕ್ಕೆ ತಿರುಗಿಸುತ್ತದೆ. ಮೂತ್ರ ಕೆಂಪಾದದ್ದೆಲ್ಲ ಬಬೇಸಿಯಾ ಅಲ್ಲ. ಕರು ಹಾಕಿದ ಎಮ್ಮೆಯಲ್ಲಿ ರಂಜಕದ ಕೊರತೆಯೂ ಇದನ್ನೇ ಮಾಡುತ್ತದೆ. ರಕ್ತದ ಲೇಪ ನೋಡದೆ ಸೂಜಿ ಚುಚ್ಚುವುದು ಇಲ್ಲಿ ದುಬಾರಿ.

ಇನ್ನು ಉಣ್ಣೆ ಕೊಲ್ಲುವ ಔಷಧಿ. ಡೈರಿಯವರು ಮಾಮೂಲಾಗಿ ಮಾಡುವುದು ಸೈಪರ್‌ಮೆಥ್ರಿನ್ ಅಥವಾ ಡೆಲ್ಟಾಮೆಥ್ರಿನ್ ಅನ್ನು ನೀರಿಗೆ ಬೆರೆಸಿ ಹಸುವಿನ ಬೆನ್ನಿಗೆ ಹಚ್ಚುವುದು, ಅದೂ ತೆಳ್ಳಗೆ, ಕೆಚ್ಚಲ ಸಂದಿ ಬಿಟ್ಟು. ಅರೆಬರೆ ಡೋಸಿಗೆ ಬದುಕಿದ ಉಣ್ಣೆಗಳ ಸಂತತಿಯೇ ಉಳಿದು, ಪಂಜಾಬ್ ಮತ್ತು ಹರಿಯಾಣದಲ್ಲಿ ಈ ಔಷಧಿಗಳಿಗೆ ಜಗ್ಗದ ಉಣ್ಣೆಗಳು ದಾಖಲಾಗಿವೆ. ಹಯಲೊಮ್ಮದ ಮಟ್ಟಿಗೆ ಇನ್ನೊಂದು ತೊಡಕು: ಹಸುವಿಗೆ ಹಚ್ಚುವ ಹೊತ್ತಿಗೆ ಬಹುಪಾಲು ಉಣ್ಣೆಗಳು ಗೋಡೆಯಲ್ಲಿರುತ್ತವೆ. ಬಿರುಕಿಗೆ ಸಿಮೆಂಟು ಮೆತ್ತುವುದು, ಗೋಡೆಗೂ ಔಷಧಿ ಹೊಡೆಯುವುದು, ಹಸುಗಳನ್ನು ಹೊರಗೆ ಕಟ್ಟಿ ಸಂದಿಗಳಿಗೆ ಬೆಂಕಿಯ ಜ್ವಾಲೆ ಹಿಡಿಯುವುದು ಬರೀ ಹಸುವಿಗೆ ಹಚ್ಚುವ ಔಷಧಿಗಿಂತ ಹೆಚ್ಚು ಕೆಲಸ ಮಾಡುತ್ತವೆ. ಮಿಶ್ರತಳಿಗೆ ಥೈಲೇರಿಯಾ ಲಸಿಕೆಯೂ ಇದೆ. ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ತಯಾರಿಸುವ ರಕ್ಷಾವ್ಯಾಕ್-ಟಿ ಜೀವಂತ ಕಣಗಳಿಂದ ಮಾಡಿದ್ದು, ದ್ರವ ಸಾರಜನಕದಲ್ಲೇ ಸಾಗಿಸಬೇಕು. ಕೃತಕ ಗರ್ಭಧಾರಣೆಯ ವೀರ್ಯದ ಕಡ್ಡಿಗಳಿಗಾಗಿ ಆ ಸಾರಜನಕದ ಡಬ್ಬ ಹಳ್ಳಿ ಹಳ್ಳಿ ಮುಟ್ಟುತ್ತದೆ. ಲಸಿಕೆಗೆ ಅಷ್ಟು ಮುತುವರ್ಜಿ ಇಲ್ಲ.

2024ರಲ್ಲಿ ದೆಹಲಿ ಹೈಕೋರ್ಟು ಘಾಜೀಪುರ, ಭಲಸ್ವಾ ಡೈರಿಗಳನ್ನು ಕಸದ ಗುಡ್ಡಗಳ ಬಳಿಯಿಂದ ಎಬ್ಬಿಸುವ ಮಾತೆತ್ತಿತು, ಭಲಸ್ವಾದವರನ್ನು ಘೋಘಾ ಡೈರಿ ಪ್ರದೇಶಕ್ಕೆ ಕಳಿಸಲು ಹೇಳಿತು. ದನ ಕಸ ತಿನ್ನಬಾರದು ಎಂಬುದು ಅಲ್ಲಿನ ಕಾಳಜಿ, ಸರಿಯಾದದ್ದೇ. ಆದರೆ ಜಾಗ ಬದಲಾದಾಗ ಥೈಲೇರಿಯಾ ಎಮ್ಮೆಯ ರಕ್ತದಲ್ಲೇ ಲಾರಿ ಹತ್ತುತ್ತದೆ, ನಾಲ್ಕಾರು ಉಣ್ಣೆಗಳು ಕಿವಿಯಲ್ಲಿ ಕೂತು ಜೊತೆಗೆ ಹೋಗುತ್ತವೆ. ಹೊಸ ಕೊಟ್ಟಿಗೆಯ ಗೋಡೆಗೆ ನುಣುಪು ಗಾರೆ ಮಾಡಿಸುವ ಖರ್ಚನ್ನು ಡೈರಿಯವನು ಮೊದಲ ದಿನವೇ ಹಾಕಿಕೊಂಡರೆ ಅವು ಇಳಿದು ಅಡಗಲು ಜಾಗ ಹುಡುಕಬೇಕಾಗುತ್ತದೆ. ಇಲ್ಲದಿದ್ದರೆ ಮುಂದಿನ ಮಳೆಗಾಲದೊಳಗೆ ಆ ಗೋಡೆಯೂ ತುಂಬಿರುತ್ತದೆ.