ತಂಡ ಹೋಯಿತು, ಚರಿತ್ರೆ ಉಳಿಯಿತು

1956ರಲ್ಲಿ ಕಾಸರಗೋಡಿನ ಜನ ಎಲ್ಲಿಗೂ ಹೋಗಲಿಲ್ಲ, ಸರಿದದ್ದು ಗಡಿ. ಊರಿನ ಚರಿತ್ರೆ ಯಾರ ಪಾಲಿಗೆ ಅನ್ನೋ ನಮ್ಮ ಗೋಷ್ಠಿಯ ಪ್ರಶ್ನೆಗೆ ನಾನೊಂದು ದೂರದ ಉದಾಹರಣೆ ಕೊಡ್ತೇನೆ: ಅಮೆರಿಕನ್ ಫುಟ್‌ಬಾಲಿನ ಕ್ಲೀವ್‌ಲ್ಯಾಂಡ್ ಬ್ರೌನ್ಸ್.

1946ರಲ್ಲಿ ಆಟ ಶುರುಮಾಡಿದ ಈ ತಂಡ 1950ರಲ್ಲಿ ಎನ್‌ಎಫ್‌ಎಲ್‌ ಲೀಗಿಗೆ ಬಂದು, ಮೊದಲ ಸೀಸನ್ನಿನಲ್ಲೇ ಚಾಂಪಿಯನ್ ಆಯಿತು. ಚೆಂಡು ಹಿಡಿದು ಓಡಿಯೇ ಜಿಮ್ ಬ್ರೌನ್ ಒಂಬತ್ತು ಸೀಸನ್‌ಗಳಲ್ಲಿ 12,312 ಗಜ ಗಳಿಸಿದರು.

1995ರ ನವೆಂಬರಿನಲ್ಲಿ ಮಾಲೀಕ ಆರ್ಟ್ ಮೋಡೆಲ್ ತಂಡವನ್ನು ಬಾಲ್ಟಿಮೋರ್‌ಗೆ ಒಯ್ಯುವುದಾಗಿ ಘೋಷಿಸಿದರು. ಅಭಿಮಾನಿಗಳು ಪ್ರತಿಭಟಿಸಿದರು, ನಗರಾಡಳಿತ ಕೋರ್ಟಿಗೆ ಹೋಯಿತು. 1996ರಲ್ಲಿ ಒಪ್ಪಂದವಾಯಿತು: ಆಟಗಾರರು ಬಾಲ್ಟಿಮೋರ್‌ಗೆ, ಹೆಸರು, ಬಣ್ಣ, ದಾಖಲೆ ಕ್ಲೀವ್‌ಲ್ಯಾಂಡ್‌ಗೆ. ಹೋದವರು ‘ರೇವನ್ಸ್’ ಎಂಬ ಹೊಸ ತಂಡವಾಗಿ, 2000ದ ಸೀಸನ್ನಿನಲ್ಲಿ ಸೂಪರ್ ಬೌಲ್ ಗೆದ್ದರು. ಬ್ರೌನ್ಸ್ ಮೂರು ಸೀಸನ್ ಆಡಲೇ ಇಲ್ಲ. 1999ರಲ್ಲಿ ಹೊಸ ಆಟಗಾರರೊಂದಿಗೆ ಮರಳಿದಾಗ 16 ಪಂದ್ಯಗಳಲ್ಲಿ ಗೆದ್ದದ್ದು ಎರಡೇ. ಆದರೂ ಜಿಮ್ ಬ್ರೌನ್ ಗಳಿಸಿದ ಗಜಗಳೆಲ್ಲ ಈ ತಂಡದ ಲೆಕ್ಕದಲ್ಲೇ ಇವೆ.

ಇದಕ್ಕೂ ಮೊದಲು, 1984ರಲ್ಲಿ, ಇದೇ ಬಾಲ್ಟಿಮೋರ್‌ನ ಕೋಲ್ಟ್ಸ್ ತಂಡ ಇಂಡಿಯಾನಾಪೊಲಿಸ್‌ಗೆ ಹೋಗಿತ್ತು. ಆಗ ಹೆಸರೂ ಹೋಯಿತು, ಜಾನಿ ಯುನೈಟಸ್ ಮಾಡಿದ್ದ ದಾಖಲೆಗಳೂ ಹೋದವು. ಅಂದರೆ ಚರಿತ್ರೆ ತಾನಾಗಿ ಊರಲ್ಲಿ ಉಳಿಯೋದಿಲ್ಲ. ಊರಿನವರು ಪಟ್ಟುಹಿಡಿದು ಕೇಳಬೇಕು, ಕಾಗದದ ಮೇಲೆ ಬರೆಸಿಕೊಳ್ಳಬೇಕು.